ಮೂವತ್ತು ಪೌಂಡಿನ ಸ್ಟ್ರೈಕರ್

ಆಳು ಕುಳ್ಳ ಎಂದು ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಫುಟ್‌ಬಾಲ್ ಕ್ಲಬ್ ಹೊರಗೆ ಕಳಿಸಿದಾಗ ಜೇಮಿ ವಾರ್ಡಿಗೆ 16 ವರ್ಷ. ಆಮೇಲೆ ಆಡಿದ್ದು ಸ್ಟಾಕ್ಸ್‌ಬ್ರಿಜ್ ಎಂಬ ಪುಟ್ಟ ಊರಿನ ತಂಡಕ್ಕೆ, ವಾರಕ್ಕೆ 30 ಪೌಂಡ್ ಕೂಲಿಗೆ. ಹೊಟ್ಟೆಪಾಡಿಗೆ ಕಾರ್ಖಾನೆ ಕೆಲಸ. ಜಗಳವೊಂದರ ಶಿಕ್ಷೆಯಾಗಿ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಬಿಗಿದಿದ್ದ ಕಾಲದಲ್ಲಂತೂ, ಸಂಜೆಗೆ ಮನೆ ಸೇರಲೇಬೇಕೆಂದು ಕೆಲವೊಮ್ಮೆ ಪಂದ್ಯದ ನಡುವೆಯೇ ಓಡಬೇಕಿತ್ತು!

2012ರಲ್ಲಿ ಲೆಸ್ಟರ್ ಸಿಟಿ 10 ಲಕ್ಷ ಪೌಂಡ್ ಕೊಟ್ಟು ಕೊಂಡಾಗ ಅವರಿಗೆ 25. ಸ್ಟ್ರೈಕರ್‌ಗೆ ಅದು ತಡವೇ.

ವಾರ್ಡಿಯ ಬಂಡವಾಳ ಒಂದೇ: ಓಟ. ಎದುರಾಳಿ ರಕ್ಷಕರ ಸಾಲಿನಲ್ಲೇ ಹೊಂಚು ಹಾಕಿ, ಚೆಂಡು ಸಹ ಆಟಗಾರನ ಕಾಲು ಬಿಡುವ ಕ್ಷಣಕ್ಕೇ ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ನುಗ್ಗುವುದು. ಅರೆಕ್ಷಣ ಮುಂಚೆ ಹೊರಟರೆ ಆಫ್‌ಸೈಡ್, ತಡವಾದರೆ ಚೆಂಡು ಕೈತಪ್ಪಿತು.

2015ರಲ್ಲಿ ಸತತ 11 ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ಹಿಂದಿನ ತಲೆಮಾರಿನ ಸ್ಟ್ರೈಕರ್ ರೂಡ್ ವಾನ್ ನಿಸ್ಟಲ್‌ರಾಯ್ ದಾಖಲೆ ಮುರಿದರು. ಆ ಋತುವಿನಲ್ಲಿ 24 ಗೋಲು. ಯಾರೂ ಲೆಕ್ಕಕ್ಕಿಟ್ಟಿರದ ಲೆಸ್ಟರ್ ಚಾಂಪಿಯನ್. ವೇಗವನ್ನೇ ನಂಬಿದವರು ಮೂವತ್ತಕ್ಕೆ ಮಂಕಾಗುವುದು ರೂಢಿ. ವಾರ್ಡಿ ಮಾತ್ರ 2019-20ರಲ್ಲಿ, 33ರ ವಯಸ್ಸಿನಲ್ಲಿ, 23 ಗೋಲುಗಳೊಂದಿಗೆ ಋತುವಿನ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದರು.

2025ರ ಮೇನಲ್ಲಿ ಲೆಸ್ಟರ್ ಪರ ಕೊನೆಯ ಪಂದ್ಯ. ಅದು ಅವರ 500ನೆಯದು. ಹೊಡೆದದ್ದು 200ನೇ ಗೋಲು. ಅಂದು ತಂಡದ ಕೋಚ್ ಆಗಿದ್ದವರು ಅದೇ ವಾನ್ ನಿಸ್ಟಲ್‌ರಾಯ್.