ಲಿಂಕ್ ಕಳುಹಿಸಿದರೆ ಸಾಲದು, ಬೀಗವನ್ನೂ ನೋಡಬೇಕು

ಅಡಿಕೆ ಮಾರಾಟದ ಪಟ್ಟಿ, ಸಾಲದ ಖಾತೆ, ಪಹಣಿಯ ಪ್ರತಿ ಇವೆಲ್ಲ ಇಂದು ಸಂಘದ ಕಪಾಟಿನಿಂದ ಕಂಪ್ಯೂಟರಿಗೆ ಬಂದಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಇದು ಸ್ವಾಗತಾರ್ಹ. ಆದರೆ ಈ ಕಡತಗಳನ್ನು ಇ-ಮೇಲಿನಲ್ಲಿ ಹಂಚಿಕೊಳ್ಳುವ ಕ್ರಮವನ್ನು ಬೆಳೆಗಾರ ಬಾಂಧವರೂ ಅರಿತಿರುವುದು ಅವಶ್ಯ.

ಕಡತವನ್ನೇ ಲಗತ್ತಿಸಿ ಕಳುಹಿಸಿದರೆ ಪಡೆದವರೆಲ್ಲರಲ್ಲಿ ಒಂದೊಂದು ಪ್ರತಿ ಉಳಿಯುತ್ತದೆ. ನಾಳೆ ಲೆಕ್ಕ ತಿದ್ದಿದರೂ ಆ ಪ್ರತಿಗಳು ಹಾಗೆಯೇ ಇರುತ್ತವೆ. ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಕಡತ ಒಂದೇ ಕಡೆ ಇದ್ದು, ಅದರ ಲಿಂಕನ್ನು ಮಾತ್ರ ಕಳುಹಿಸುವುದು ಮೇಲು. ಲಿಂಕ್ ಎಂದರೆ ಗೋದಾಮಿನ ವಿಳಾಸವಿದ್ದಂತೆ. ಬಾಗಿಲಿಗೆ ಬೀಗವಿದ್ದು, ಕೀಲಿಕೈ ಯಾರಲ್ಲಿದೆ ಎಂಬುದು ಗೊತ್ತಿದ್ದರೆ ವಿಳಾಸ ನಾಲ್ಕು ಜನರಿಗೆ ತಿಳಿದರೂ ಹೆಚ್ಚಿನ ಚಿಂತೆಯಿಲ್ಲ.

ಕಚೇರಿಯೊಳಗಿನ ಮಾತು ಮೊದಲು. ಗುಮಾಸ್ತರ ಕಂಪ್ಯೂಟರಿನಲ್ಲಿ ‘ಝಡ್’ ಎಂದು ಕಾಣುವ ಡ್ರೈವ್ ವ್ಯವಸ್ಥಾಪಕರ ಕಂಪ್ಯೂಟರಿನಲ್ಲಿ ಬೇರೆ ಅಕ್ಷರದಲ್ಲಿರಬಹುದು, ಇಲ್ಲದೆಯೂ ಇರಬಹುದು. ಆದುದರಿಂದ ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ತಿ ದಾರಿಯನ್ನು ಬರೆಯಬೇಕು. ಫೋಲ್ಡರಿನ ಹೆಸರಿನಲ್ಲಿ ಪದಗಳ ನಡುವೆ ಜಾಗ ಬಿಟ್ಟರೆ ಲಿಂಕ್ ಅಲ್ಲಿಗೇ ತುಂಡಾಗುವುದುಂಟು. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಫೋಲ್ಡರಿನಲ್ಲಿಯೇ ನಿಗದಿ ಮಾಡಿರಬೇಕು.

ಹೊರಗಿನವರ ವಿಷಯ ಬೇರೆ. ಬೆಳೆಗಾರರ ಮಕ್ಕಳು ಅನೇಕರು ಬೆಂಗಳೂರಿನಲ್ಲಿದ್ದಾರೆ. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ, ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆಯ ಆಸುಪಾಸಿನಲ್ಲಿ ಮನೆ ಮಾಡಿದ ಮಗನೊಬ್ಬ ಊರಿನಲ್ಲಿರುವ ತಂದೆಯ ಲೆಕ್ಕ ನೋಡಬಯಸುತ್ತಾನೆ ಎನ್ನೋಣ. ಸಂಘದ ಒಳಜಾಲದ ದಾರಿ ಅವನಿಗೆ ತೆರೆಯದು. ಕಡತವನ್ನು ಗೂಗಲ್ ಡ್ರೈವ್‌ಗೆ ಏರಿಸಿ, ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಒತ್ತಿಬಿಟ್ಟರೆ ಕೆಲಸ ಸುಲಭ. ಆದರೆ ಆ ಲಿಂಕ್ ವಾಟ್ಸಾಪ್ ಗುಂಪಿಗೆ ಹೋದರೆ? ಪಟ್ಟಿಯಲ್ಲಿರುವ ಸದಸ್ಯರೆಲ್ಲರ ಸಾಲ, ಖಾತೆ ಸಂಖ್ಯೆ ಬಯಲಾಗುತ್ತದೆ. ಮರುದಿನ ಯಾರೋ ಫೋನ್ ಮಾಡಿ, ಬಾಕಿ ಮೊತ್ತವನ್ನು ರೂಪಾಯಿ ಸಮೇತ ಹೇಳಿ ಓಟಿಪಿ ಕೇಳಿದರೆ, ಲೆಕ್ಕ ಸರಿಯಾಗಿದೆಯೆಂದು ನಂಬಿ ಕೊಡುವವರೇ ಹೆಚ್ಚು.

ಆದುದರಿಂದ ಒಬ್ಬ ಸದಸ್ಯರ ಲೆಕ್ಕ ಬೇರೆ ಕಡತದಲ್ಲಿರಲಿ. ಅವರ ಒಪ್ಪಿಗೆ ಪಡೆದು, ಮಗನ ಇ-ಮೇಲ್ ವಿಳಾಸಕ್ಕೆ ಮಾತ್ರ, ಓದುವುದಕ್ಕಷ್ಟೇ ಅನುಮತಿ ಕೊಡಬೇಕು. ಕೆಲಸ ಮುಗಿದೊಡನೆ ಅದನ್ನು ತೆಗೆಯಬೇಕು.

ಬರುವ ಲಿಂಕುಗಳಲ್ಲಿಯೂ ಎಚ್ಚರ ಬೇಕು. ಮೈಕ್ರೋಸಾಫ್ಟ್ ಸಂಸ್ಥೆ 2023ರ ಮಾರ್ಚ್‌ನಲ್ಲಿ ಔಟ್‌ಲುಕ್‌ನ ಒಂದು ದೋಷವನ್ನು ಸರಿಪಡಿಸಿತು. ಸಂದೇಶದಲ್ಲಿ ಅಡಗಿಸಿದ ಹೊರಜಾಲದ ದಾರಿಯಿಂದ, ಪಡೆದವರು ಅದನ್ನು ತೆರೆಯದಿದ್ದರೂ ಅವರ ಲಾಗಿನ್ ಗುರುತು ವಂಚಕರಿಗೆ ತಲುಪಬಹುದಿತ್ತು. ಇಂಥ ದುರಸ್ತಿಗಳನ್ನು ಕಂಪ್ಯೂಟರಿಗೆ ಆಗಿಂದಾಗ್ಗೆ ಹಾಕಿಸಬೇಕು. ಲಿಂಕ್ ಒತ್ತಿದೊಡನೆ ಪಾಸ್‌ವರ್ಡ್ ಕೇಳಿದರೆ, ಕಳುಹಿಸಿದವರನ್ನು ಮೊದಲೇ ಗೊತ್ತಿರುವ ನಂಬರಿನಲ್ಲಿ ವಿಚಾರಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

‘ನನ್ನ ಲೆಕ್ಕವನ್ನು ಯಾರು ಯಾರು ತೆರೆದು ನೋಡಬಹುದು?’ ಎಂದು ಸದಸ್ಯರು ಮುಂದಿನ ಮಹಾಸಭೆಯಲ್ಲಿ ಸಂಕೋಚವಿಲ್ಲದೆ ಕೇಳಲಿ. ಅದಕ್ಕೆ ಹೆಸರು ಸಹಿತ ಉತ್ತರ ಕೊಡುವುದು ಕಾರ್ಯದರ್ಶಿಗಳಾದ ನಮ್ಮ ಕರ್ತವ್ಯ.