ಮನೆಯ ಕೋವಿಗೆ ಬೀಗವಿದೆಯೇ?

ಬೇಸಿಗೆ ರಜೆ ಬಂತೆಂದರೆ ಅಂಬಲಪಾಡಿ, ಉಡುಪಿಯ ಎಷ್ಟೋ ಮಕ್ಕಳು ಕಾರ್ಕಳ, ಹೆಬ್ರಿ ಕಡೆಯ ಅಜ್ಜನ ಮನೆಗೆ ಹೊರಡುತ್ತಾರೆ. ಅಲ್ಲಿನ ಕೆಲವು ಮನೆಗಳಲ್ಲಿ ಮಾವು, ಹಲಸಿನ ಜತೆಗೆ ಇನ್ನೊಂದು ಆಕರ್ಷಣೆಯೂ ಉಂಟು. ಅದು ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿ. ಪೇಟೆಯಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡವರೂ ಇದ್ದಾರೆ. ಚುನಾವಣೆಯ ಹೊತ್ತಿಗೆ ಇವು ಪೊಲೀಸ್ ಠಾಣೆಯಲ್ಲಿ ಠೇವಣಿಯಾಗುತ್ತವೆ. ಉಳಿದ ದಿನಗಳಲ್ಲಿ ಎಲ್ಲಿರುತ್ತವೆ?

'ಮುಟ್ಟಬೇಡ' ಎಂದರೆ ಸಾಕೇ?

ಅಮೆರಿಕದ ವೈದ್ಯರು 2001ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. 8ರಿಂದ 12 ವರ್ಷದ 64 ಹುಡುಗರನ್ನು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಒಂದು ಕೋಣೆಯಲ್ಲಿ ಬಿಟ್ಟು, ಅಲ್ಲಿನ ಡ್ರಾಯರಿನಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲನ್ನು ಇಟ್ಟಿದ್ದರು. 48 ಹುಡುಗರು ಅದನ್ನು ಕಂಡುಹಿಡಿದರು. 30 ಮಂದಿ ಕೈಗೆತ್ತಿಕೊಂಡರು. 16 ಮಂದಿ ಕುದುರೆಯನ್ನು ಎಳೆದೇಬಿಟ್ಟರು! ಪಿಸ್ತೂಲನ್ನು ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಮೊದಲೇ ಬುದ್ಧಿಮಾತು ಹೇಳಲಾಗಿತ್ತು. ಮಕ್ಕಳ ಕುತೂಹಲದ ಮುಂದೆ ಉಪದೇಶವೊಂದೇ ನಿಲ್ಲದು.

ಖಾಲಿ ಎಂಬ ಭ್ರಮೆ

ಪಿಸ್ತೂಲಿನ ಮ್ಯಾಗಜೀನ್ ಕಳಚಿದೊಡನೆ ಅದು ಖಾಲಿಯಾಯಿತೆಂದು ಅನೇಕರು ತಿಳಿಯುತ್ತಾರೆ. ಆದರೆ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಕೇಪಿನ ಕೋವಿಯದು ಬೇರೆ ಸಮಸ್ಯೆ. ಅದಕ್ಕೆ ಮದ್ದು, ಚರೆಗಳನ್ನು ನಳಿಗೆಯ ಬಾಯಿಂದಲೇ ತುಂಬಿ ಗಿಡಿಯುವುದರಿಂದ, ತುಂಬಿದ ಈಡನ್ನು ಹೊರತೆಗೆಯುವುದು ಸುಲಭವಲ್ಲ. ಕೇಪನ್ನಷ್ಟೇ ತೆಗೆದು ಗೋಡೆಗೆ ತೂಗುಹಾಕಿದರೆ, ಮಗುವಿನ ಕೈಗೆ ಇನ್ನೊಂದು ಕೇಪು ಸಿಕ್ಕಿದಾಗ ಅನಾಹುತಕ್ಕೆ ದಾರಿಯಾಯಿತು.

ಬೀಗಗಳು ಹೇಗೆ ಕೆಲಸ ಮಾಡುತ್ತವೆ?

1887ರಲ್ಲಿಯೇ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಹಿಡಿಯ ಹಿಂಬದಿಯಲ್ಲಿ ಒತ್ತುಪಟ್ಟಿ ಇರುವ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಹಿಡಿಯನ್ನು ಬಿಗಿಯಾಗಿ ಅದುಮಿ, ಜತೆಗೇ ಕುದುರೆಯನ್ನು ಎಳೆದರೆ ಮಾತ್ರ ಗುಂಡು ಹಾರುತ್ತಿತ್ತು. ಪುಟ್ಟ ಕೈಗೆ ಇದು ಕಷ್ಟ, ಬೆಳೆದ ಹುಡುಗನಿಗಲ್ಲ.

ಇಂದು ಮುಖ್ಯವಾಗಿ ಮೂರು ಸಾಧನಗಳಿವೆ. ಮೊದಲನೆಯದು ಕೇಬಲ್ ಬೀಗ. ಉಕ್ಕಿನ ತಂತಿಯನ್ನು ನಳಿಗೆಯೊಳಗೆ ತೂರಿಸಿ ಬೀಗ ಹಾಕಿದರೆ, ಮಡಚುವ ತೋಟಾ ಕೋವಿ ಮುಚ್ಚಿಕೊಳ್ಳುವುದೇ ಇಲ್ಲ, ಅದರೊಳಗೆ ತೋಟಾವನ್ನೂ ಹಾಕಲಾಗದು. ಎರಡನೆಯದು ಕುದುರೆಯನ್ನು ಎರಡೂ ಬದಿಯಿಂದ ಮುಚ್ಚುವ ಟ್ರಿಗರ್ ಬೀಗ. ಗುಂಡು ತುಂಬಿದ ಆಯುಧಕ್ಕೆ ಇದನ್ನು ಎಂದೂ ಹಾಕಬಾರದು. ಹಾಕುವಾಗಲೇ ಕುದುರೆ ಒತ್ತಿಹೋಗುವ ಅಪಾಯವಿದೆ. ಮೂರನೆಯದು ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆ. ಆಯುಧವನ್ನು ಕಣ್ಣಿಗೂ ಬೀಳದಂತೆ ಇಡುವುದರಿಂದ ಇದೇ ಉತ್ತಮ.

ನಾಲ್ಕು ಸೂತ್ರಗಳು

ಆಯುಧ ಖಾಲಿ ಇರಲಿ. ಅದಕ್ಕೆ ಬೀಗವಿರಲಿ. ಗುಂಡು, ಮದ್ದು, ಕೇಪುಗಳು ಬೇರೆಡೆ ಇರಲಿ. ಅವಕ್ಕೂ ಬೀಗವಿರಲಿ. ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಆತ್ಮಹತ್ಯೆ ಮತ್ತು ಆಕಸ್ಮಿಕ ಗಾಯಗಳ ಅಪಾಯ ಕಡಿಮೆಯಿರುವುದರೊಂದಿಗೆ ಸಂಬಂಧ ಹೊಂದಿದೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹದಿಹರೆಯದ ಮನಸ್ಸು ಪರೀಕ್ಷೆಯ ಫಲಿತಾಂಶದಂತಹ ಗಳಿಗೆಯಲ್ಲಿ ಕುಸಿಯಬಹುದು. ಆಗ ನಡುವೆ ಇರುವ ಒಂದು ಬೀಗ ಜೀವ ಉಳಿಸೀತು.

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಿಗೆ ಕೇಳುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಆಯುಧವನ್ನು ಭದ್ರವಾಗಿ ಇರಿಸುವುದೂ ಅದರ ಪಾಠಗಳಲ್ಲೊಂದು. ಹೆತ್ತವರೇ, ಮಕ್ಕಳನ್ನು ನೆಂಟರ ಮನೆಗೆ ಕಳುಹಿಸುವ ಮುನ್ನ "ಕೋವಿ ಬೀಗದೊಳಗೆ ಉಂಟಲ್ಲ?" ಎಂದು ಕೇಳಲು ಸಂಕೋಚಪಡಬೇಡಿ. ವಿದ್ಯಾರ್ಥಿಗಳೇ, ಎಲ್ಲಾದರೂ ಆಯುಧ ಕಂಡರೆ ಮುಟ್ಟದೆ ದೂರ ಸರಿಯಿರಿ, ಹಿರಿಯರನ್ನು ಕರೆಯಿರಿ. ಬೀಗದ ಕೀಲಿಕೈ ಮಾತ್ರ ಪರವಾನಿಗೆದಾರರ ಬಳಿಯಲ್ಲೇ ಇರಲಿ, ದೇವರ ಕೋಣೆಯ ಮೊಳೆಯಲ್ಲಿ ಅಲ್ಲ.