ಸುನೀಲ್ ದತ್ ಹಾರಿದ ಎರಡನೇ ಬೆಂಕಿ!

‘ಮದರ್ ಇಂಡಿಯಾ’ ಚಿತ್ರೀಕರಣದಲ್ಲಿ ಬೆಂಕಿ ನರ್ಗೀಸರನ್ನು ಸುತ್ತಿಕೊಂಡಾಗ ಹಿಂದೆಮುಂದೆ ನೋಡದೆ ಒಳಗೆ ಹಾರಿದವರು ಸುನೀಲ್ ದತ್. ತೆರೆಯ ಮೇಲೆ ಮಗ, ತೆರೆಯಾಚೆ ಪ್ರಾಣ ಉಳಿಸಿದ ಧೀರ! 1958ರಲ್ಲಿ ಇಬ್ಬರ ಮದುವೆಯೂ ಆಯಿತು. ಈ ಕತೆ ಗೊತ್ತಿಲ್ಲದ ಸಿನಿಮಾ ಹುಚ್ಚರು ಯಾರಿದ್ದಾರೆ ಹೇಳಿ?

ಅದೇ ಸುನೀಲ್ ದತ್ ಇನ್ನೊಂದು ಬೆಂಕಿಗೂ ಹಾರಿದರು. ಅದು ನಿಮಿಷದ ಮಾತಲ್ಲ, ವರ್ಷಗಟ್ಟಲೆ ಉರಿದದ್ದು. ಒಳಗೆ ಸಿಕ್ಕಿಕೊಂಡಿದ್ದವನು ಸ್ವಂತ ಮಗ ಸಂಜಯ್!

1981ರ ಮೇ 3ರಂದು ನರ್ಗೀಸ್ ತೀರಿಕೊಂಡರು. ಐದೇ ದಿನಕ್ಕೆ ‘ರಾಕಿ’ ಬಿಡುಗಡೆ. ನಿರ್ದೇಶಕ ಅಪ್ಪ, ಹೀರೋ ಮಗ. ಪ್ರೀಮಿಯರಿನಲ್ಲಿ ತಾಯಿಗೆಂದು ಒಂದು ಸೀಟು ಖಾಲಿ ಬಿಟ್ಟಿದ್ದರಂತೆ. ಅಷ್ಟರಲ್ಲಾಗಲೇ ಹುಡುಗ ಮಾದಕ ವಸ್ತುಗಳ ಸುಳಿಯಲ್ಲಿ! ಒಂದು ಸಲ ಮಲಗಿ ಎದ್ದಾಗ ಎರಡು ದಿನ ಕಳೆದಿತ್ತಂತೆ, ಮನೆಯ ಆಳು ಕಣ್ಣೀರು ಹಾಕುತ್ತ ನಿಂತಿದ್ದನಂತೆ. ನೆಟ್ಟಗೆ ಅಪ್ಪನ ಹತ್ತಿರ ಹೋಗಿ “ನನ್ನನ್ನು ಉಳಿಸಿ” ಎಂದು ಕೇಳಿಕೊಂಡದ್ದನ್ನು ಸಂಜಯ್ ತಾವೇ ಹೇಳಿಕೊಂಡಿದ್ದಾರೆ. ಅಪ್ಪ ಬೈಯುತ್ತ ಕೂರಲಿಲ್ಲ. ಚಿಕಿತ್ಸೆಗೆ ಅಮೆರಿಕಕ್ಕೆ ಕಳಿಸಿದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಅಂತ ಹಾಕಿಬಿಡುತ್ತಿದ್ದರು. ಸ್ವಾಮೀ, ಇದು ಬರೀ ಇಂಟರ್‌ವಲ್ಲು!

ಯಾಕೆ ಅಂತೀರಾ? ಹುಡುಗ ವಾಪಸ್ ಬಂದದ್ದೇ ತಡ, ಹಳೇ ಪುಡಿ ಮಾರುವವನು ಮನೆ ಬಾಗಿಲಲ್ಲಿ ಹಾಜರ್! ಹೊಸ ಮಾಲು ಬಂದಿದೆ, ದುಡ್ಡು ಬೇಡ, ಸುಮ್ಮನೆ ಇಟ್ಕೋ ಅಂದನಂತೆ. ಬೇಡ ಎಂದು ಕಳಿಸಿದ ಆ ಒಂದು ಕ್ಷಣ ಅಮೆರಿಕದ ಚಿಕಿತ್ಸೆಯಷ್ಟೇ ದೊಡ್ಡದು ಅಂತ ನನಗನ್ನಿಸುತ್ತೆ. ಆಮೇಲೆ ಕಸರತ್ತಿಗೆ ಬಿದ್ದರು. ‘ಚರಸಿ’ ಅಂತ ಆಡಿಕೊಂಡವರೇ ‘ಏನು ಬಾಡಿ ಗುರು’ ಅನ್ನುವಂತಾಯಿತು. 1986ರಲ್ಲಿ ಬಂದ ‘ನಾಮ್’ ನಿರ್ಮಿಸಿದವರು ರಾಜೇಂದ್ರ ಕುಮಾರ್. ಸಂಜಯ್ ತಂಗಿಯ ಮಾವ, ‘ಮದರ್ ಇಂಡಿಯಾ’ದಲ್ಲಿ ಸುನೀಲ್ ದತ್‌ಗೆ ಅಣ್ಣನಾಗಿದ್ದವರು! ಬಿದ್ದವನಿಗೆ ಕೆಲಸ ಕೊಡುವವರು ಮನೆಯವರೇ ಅಲ್ಲವೇ?

ದೊಡ್ಡವರ ಕತೆ ಬಿಡಿ, ದುಡ್ಡಿತ್ತು ಅಂತೀರಿ. ನಮ್ಮ ಮನೆಯ ಕತೆ ಕೇಳಿ.

ದೊಡ್ಡಮ್ಮನ ಮಗ, ನನಗೆ ಅಣ್ಣ. ಬ್ರೌನ್ ಶುಗರ್ ಚಟಕ್ಕೆ ಬಿದ್ದು ಆರು ವಾರ ಆಸ್ಪತ್ರೆಯಲ್ಲಿದ್ದು ಬಂದ. ದೊಡ್ಡಮ್ಮ ದೃಷ್ಟಿ ತೆಗೆದು ಪಾಯಸ ಮಾಡಿದರು. ನಾನು ಮಹಾ ಬುದ್ಧಿವಂತ, ಸಂಜೆ ಅವನನ್ನು ಬಾರಿಗೆ ಕರೆದುಕೊಂಡು ಹೋದೆ! “ಪುಡಿ ತಾನೆ ಬಿಟ್ಟಿರೋದು, ಬಿಯರ್‌ಗೇನಣ್ಣ?” ಅಂದೆ. ಎರಡು ಬಾಟಲಿ ಖಾಲಿಯಾದವು. ಮೂರನೇ ವಾರ ಬಚ್ಚಲಮನೆ ಬಾಗಿಲು ಒಡೆದು ತೆಗೆದಾಗ ಅಣ್ಣನ ತುಟಿ ನೀಲಿ, ಉಸಿರು ಇದೆಯೋ ಇಲ್ಲವೋ ತಿಳಿಯದು. 108 ಬಂತು, ಉಳಿದ.

ಡಾಕ್ಟರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ಕೆಲವು ವಾರ ಬಿಟ್ಟಿದ್ದರೆ ದೇಹ ಹಳೇ ಅಭ್ಯಾಸ ಮರೆತಿರುತ್ತೆ. ಹಿಂದೆ ತಗೊಳ್ಳುತ್ತಿದ್ದಷ್ಟೇ ತಗೊಂಡರೂ ಉಸಿರು ನಿಲ್ಲಬಹುದು. ಆಸ್ಪತ್ರೆಯಿಂದ ಬಂದ ಮೊದಲ ವಾರಗಳೇ ಹೆಚ್ಚು ಅಪಾಯ. ಕುಡಿತ ಮನಸ್ಸಿನ ಬಿಗಿ ಸಡಿಲಿಸುತ್ತೆ, ಕಾಲು ತಾನಾಗಿ ಹಳೇ ಗಲ್ಲಿಗೆ ಹೋಗುತ್ತೆ. ಮತ್ತೆ ಜಾರಿದರೆ ಮನೆಯಿಂದ ಹೊರಗೆ ಹಾಕಬೇಡಿ, ಅಂದೇ ಕರೆದುಕೊಂಡು ಬನ್ನಿ ಅಂದರು. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದರೆ ಒದ್ದು ಓಡಿಸ್ತೀರಾ ಅಂತ ನನ್ನನ್ನೇ ಕೇಳಿದರು. ನಾನು ತಲೆ ತಗ್ಗಿಸಿದೆ.

ಅಲ್ಲಿಂದ ಮನೆಯ ರೂಲ್ಸು ಬದಲಾಯಿತು. ದಿನಾ ಬೆಳಿಗ್ಗೆ ಕಣ್ಣು ನೋಡಿ, ಜೇಬು ತಡಕಿ, “ತಗೊಂಡ್ಯೇನೋ?” ಅನ್ನೋ ಪೊಲೀಸ್ ವಿಚಾರಣೆಯನ್ನು ದೊಡ್ಡಮ್ಮ ನಿಲ್ಲಿಸಿದರು. ಸುಲಭ ಅಲ್ಲ ಸ್ವಾಮಿ, ಎಷ್ಟೋ ಸಲ ಸುಳ್ಳು ಹೇಳಿ ಒಡವೆ ಮಾರಿದ ಮಗ! ಮಾತ್ರೆಯನ್ನು ಕಣ್ಣೆದುರೇ ನುಂಗಬೇಕು, ಸಂಬಳ ದೊಡ್ಡಮ್ಮನ ಖಾತೆಗೇ ಬರಬೇಕು ಅಂತ ಅಣ್ಣನೇ ಒಪ್ಪಿಕೊಂಡ. ಮೊಬೈಲಿನಲ್ಲಿದ್ದ ಹಳೇ ನಂಬರುಗಳನ್ನು ಅವನೇ ಕೂತು ಅಳಿಸಿದ, ನಾನು ಪಕ್ಕದಲ್ಲಿದ್ದೆ ಅಷ್ಟೆ. ಸಂಜೆ ಆರರಿಂದ ಒಂಬತ್ತು ಅವನಿಗೆ ಯಮಗಂಡ ಕಾಲ. ಆ ಹೊತ್ತಿಗೆ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ದೊಡ್ಡಮ್ಮನೂ ತಮ್ಮಂಥ ಮನೆಯವರು ಸೇರುವ ಸಭೆಗೆ ವಾರಕ್ಕೊಮ್ಮೆ ಹೋಗಿಬರುತ್ತಾರೆ; ವರ್ಷಗಳ ಮೇಲೆ ರಾತ್ರಿ ನಿದ್ದೆ ಬಂತು ಅಂದರು.

ನಿಮ್ಮ ಮನೆಯಲ್ಲೂ ಇಂಥ ಅಣ್ಣನೋ ತಮ್ಮನೋ ಇದ್ದರೆ, ಸರ್ಕಾರದ 14446 ನಂಬರಿಗೆ ಪುಕ್ಕಟೆ ಫೋನು ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಪೊಲೀಸರ ಭಯ ಬೇಡ. ಚಟ ಬಿಡಲು ತಾನಾಗಿ ಚಿಕಿತ್ಸೆಗೆ ಬಂದವನಿಗೆ 1985ರ ಮಾದಕ ವಸ್ತು ಕಾಯಿದೆಯೇ ರಕ್ಷಣೆ ಕೊಡುತ್ತದೆ.

ಎಂಟು ತಿಂಗಳಾಯಿತು. ಮೊನ್ನೆ ಭಾನುವಾರ ಇಬ್ಬರೂ ಸೆಕೆಂಡ್ ಷೋಗೆ ಹೋಗಿದ್ದೆವು. ಕ್ಯೂನಲ್ಲಿ ಅಣ್ಣ ಇದ್ದಕ್ಕಿದ್ದಂತೆ ಕೇಳಿದ: “ಲೋ, ನೀನು ಬಂದಿರೋದು ಪಿಕ್ಚರ್‌ಗೋ, ನನ್ನ ಕಾವಲಿಗೋ?”

“ಎರಡಕ್ಕೂ” ಅಂದೆ.

“ಹಾಗಾದ್ರೆ ಟಿಕೆಟ್ ದುಡ್ಡು ನಿಂದೇ” ಅಂದು ನಕ್ಕ. ನಾನೇ ಕೊಟ್ಟೆ.